ತಲೆ ಉಳಿದ ಎರಡು ಬೊಂಬೆಗಳು

ಮಾನ್ಯ ವಾಚಕ ಮಹಾಶಯರೇ, ಜವಳಿ ಅಂಗಡಿಯ ಗಾಜಿನ ಹಿಂದೆ ಹೊಸ ಸೀರೆಯುಟ್ಟು ನಿಂತ ಬೊಂಬೆಯನ್ನು ತಾವು ಸಾವಿರ ಸಲ ಕಂಡಿರಬಹುದು. ಆದರೆ ಅದರ ಮುಖವನ್ನು ಒಮ್ಮೆಯಾದರೂ ನಿಂತು ನೋಡಿದ್ದುಂಟೇ ಎಂದು ಕೇಳಿದರೆ ತಮ್ಮಲ್ಲಿ ಬಹುಮಂದಿ ನಿರುತ್ತರರಾಗುವಿರಿ. ಅದು ತಮ್ಮ ತಪ್ಪಲ್ಲ. ನೋಡಬೇಕಾದದ್ದು ಸೀರೆ, ಕೊಳ್ಳಬೇಕಾದದ್ದು ಸೀರೆ. ಮುಖ ಅಲ್ಲಿ ನಿಮಿತ್ತಮಾತ್ರ. ಯಾರೂ ನೋಡದ ಮುಖ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅರುಹುವ ಸಲುವಾಗಿ ಈ ವೃತ್ತಾಂತವನ್ನು ತಮ್ಮ ಮುಂದಿರಿಸಲಾಗಿದೆ. ಕತ್ತಲಿಗೆ ಕಾಯಬೇಕಾಗಿಲ್ಲ. ಇದರಲ್ಲಿ ನಡೆದದ್ದೆಲ್ಲವೂ ಹಾಡುಹಗಲಲ್ಲಿ ನಡೆದದ್ದು.

ಉಮಾಪತಿ ದಾವಣಗೆರೆಯವನು, ಅಂದರೆ ಅಲ್ಲಿ ಹುಟ್ಟಿದವನು. ನಲವತ್ತೆಂಟು ವರ್ಷಗಳಲ್ಲಿ ಯಾವ ಊರಿನಲ್ಲೂ ಎರಡು ಮಳೆಗಾಲ ನಿಂತವನಲ್ಲ. ಮನೆಯಿಲ್ಲ, ಮದುವೆಯಿಲ್ಲ, ತನ್ನದೆಂದು ಇದ್ದದ್ದು ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಗರಗಸ, ಅರ, ಅಂಟು, ಬಣ್ಣದ ಡಬ್ಬಿ. ಮೊದಲ ಇಪ್ಪತ್ತು ವರ್ಷ ಅವನು ಅಂಗಡಿಯ ಬೊಂಬೆಗಳ ಮುರಿದ ಮೂಗು ಕೂಡಿಸಿ, ರೆಪ್ಪೆ ಅಂಟಿಸಿ, ತುಟಿಗೆ ಕೆಂಪು ತೀಡಿ ಹೊಟ್ಟೆ ಹೊರೆದ. ಈಗ ಅದೇ ಬೊಂಬೆಗಳ ತಲೆ ಕೊಯ್ದು ಹೊರೆಯುತ್ತಿದ್ದ.

ಕಾಲ ಹಾಗೆ ತಿರುಗಿತ್ತು. ತಲೆಯುಳ್ಳ ಬೊಂಬೆ ಯಾರಿಗೂ ಬೇಡವಾಗಿತ್ತು. ಕಂಪ್ಯೂಟರಿನಲ್ಲಿ ಸೀರೆ ಮಾರುವವರು ಚಿತ್ರವನ್ನು ಕತ್ತಿನಿಂದ ಕೆಳಗಷ್ಟೇ ತೆಗೆಯುತ್ತಿದ್ದರು. ಅದನ್ನು ಕಂಡ ಅಂಗಡಿಗಳೂ ಕತ್ತಿನಿಂದ ಕೆಳಗಷ್ಟೇ ಕೇಳತೊಡಗಿದವು. ಹಳೆಯ ಹಾಲುಬಿಳುಪು ಹೋಗಿ ಬೂದಿಬಣ್ಣ ಬಂದಿತ್ತು, ಬಳುಕುವ ಸೊಂಟ ಹೋಗಿ ಎರಡು ಮಕ್ಕಳ ತಾಯಿಯ ತುಂಬು ಮೈ ಬಂದಿತ್ತು, ಫೈಬರಿನ ಬದಲು ಕಾಗದದ ಮುದ್ದೆಯಲ್ಲಿ ಎರಕ ಹೊಯ್ಯುವವರೂ ಹುಟ್ಟಿಕೊಂಡಿದ್ದರು. ಬೆಂಗಳೂರಿನ ಒಂದು ಬೊಂಬೆ ಕಂಪನಿ ಉಮಾಪತಿಯನ್ನು ಊರೂರಿಗೆ ಅಟ್ಟಿತ್ತು. ಅಂಗಡಿಯವರು ಹಳೆಯ ಬೊಂಬೆ ಕೊಟ್ಟು ಹೊಸದನ್ನು ಪಡೆಯಬೇಕು; ಹಳೆಯವು ಮತ್ತೆ ಪೇಟೆಗೆ ಬಾರದಂತೆ ಉಮಾಪತಿ ಅವುಗಳ ತಲೆಯನ್ನು ಅಲ್ಲೇ ಗರಗಸದಿಂದ ಇಳಿಸಬೇಕು. ಇಷ್ಟೇ ಕರಾರು.

ದುರ್ಗಾಪೂಜೆಯ ವ್ಯಾಪಾರಕ್ಕೆ ಅಂಗಡಿಗಳು ಸಿಂಗಾರಗೊಳ್ಳುವ ಮುನ್ನ, ಆಗಸ್ಟಿನ ಮೊದಲ ವಾರ, ಅವನು ಕೊಲ್ಕತ್ತಾಕ್ಕೆ ಬಂದಿಳಿದ. ಗಡಿಯಾಹಾಟಿನ ಸೀರೆ ವ್ಯಾಪಾರಿ ಹಿಮಾದ್ರಿ ಬಾಬುವಿನ ಅಂಗಡಿಯಲ್ಲಿ ಇಪ್ಪತ್ತೆರಡು ಹಳೆಯ ಬೊಂಬೆಗಳಿದ್ದವು.

"ತಲೆಯಿಲ್ಲದವಳು ಬನಾರಸಿ ಉಟ್ಟು ನಿಂತರೆ ಯಾರು ದಾದಾ ಒಳಗೆ ಬರುತ್ತಾರೆ?" ಎಂದು ಹಿಮಾದ್ರಿ ಬಾಬು ಹಿಂದಿಯಲ್ಲಿ ಗೊಣಗಿದ. "ನೋಡಿದವರು ಪೊಲೀಸರನ್ನು ಕರೆದಾರು."

"ಬಾಬು, ಮುಖ ಇದ್ದರೆ ಗಿರಾಕಿ 'ಈ ಸೀರೆ ಅವಳಿಗೆ ಒಪ್ಪುತ್ತದೆ' ಅಂತ ಮುಂದೆ ಹೋಗುತ್ತಾಳೆ. ಬರಿ ಕತ್ತು ಇದ್ದರೆ ಅದರ ಮೇಲೆ ತನ್ನ ಮುಖ ಇಟ್ಟು ನೋಡುತ್ತಾಳೆ. ಖಾಲಿ ಕತ್ತು ಯಾರದ್ದು ಬೇಕಾದರೂ ಆಗುತ್ತದೆ."

ಈ ಮಾತನ್ನು ಅವನು ಹದಿನಾಲ್ಕು ಊರುಗಳಲ್ಲಿ ಆಡಿದ್ದ. ಪ್ರತಿ ಸಲವೂ ಸರಕು ಹೋಗಿತ್ತು. ಈ ಸಲವೂ ಹೋಯಿತು.

ತಂಗಿದ್ದು ಲೇಕ್ ಮಾರ್ಕೆಟಿನ ಬಳಿ, ಉಡುಪಿ ಕಡೆಯ ವಿಷ್ಣುಮೂರ್ತಿಯ ಹೋಟೆಲಿನ ಮಾಳಿಗೆಯಲ್ಲಿ. ಮೂವತ್ತು ವರ್ಷದಿಂದ ಕೊಲ್ಕತ್ತಾದವರ ಬಾಯಿಗೆ ಇಡ್ಲಿ ಹಾಕುತ್ತಿದ್ದ ಮನುಷ್ಯ ಆತ. ಹೆಂಡತಿ ವೇದವತಿ ಅಡುಗೆಮನೆಯ ಒಡತಿ. ಎರಡನೆಯ ದಿನ ಮಧ್ಯಾಹ್ನ, ಗಿರಾಕಿಗಳು ಕರಗಿದ ಮೇಲೆ, ಉಮಾಪತಿಗೆ ಸಾರು ಬಡಿಸುತ್ತ ಆಕೆ ಕೇಳಿದಳು:

"ಹಿಮಾದ್ರಿ ಬಾಬುವಿನ ಅಂಗಡಿದೂ ಕೊಯ್ಯುದಾ ಉಮಾಪತಿಯವರೆ?"

"ಹೌದು ವೇದಕ್ಕಾ. ಸೋಮವಾರ ಶುರು."

"ಬಾಗಿಲಿನ ಹತ್ರ ನೀಲಿ ಸೀರೆ ಉಟ್ಟದ್ದು ಒಂದುಂಟಲ್ಲ. ಅದೂ?"

"ಅದೂ ಹೋಗಬೇಕಲ್ರೀ."

ವೇದವತಿ ಸೌಟನ್ನು ಪಾತ್ರೆಯಲ್ಲಿ ಬಿಟ್ಟಳು. "ಅದು ನನ್ನ ಮಗಳು," ಎಂದಳು.

ಉಮಾಪತಿ ತುತ್ತನ್ನು ಎಲೆಗೆ ಮರಳಿಸಿದ. ಗಲ್ಲಾಪೆಟ್ಟಿಗೆಯ ಮೇಜಿನಿಂದ ವಿಷ್ಣುಮೂರ್ತಿ ತಲೆಯೆತ್ತದೆ, "ಫೈಬರ್, ವೇದಾ. ಅದು ಫೈಬರ್," ಎಂದ. ದಿನಕ್ಕೊಮ್ಮೆ ಹೇಳಿ ಹೇಳಿ ಸವೆದ ದನಿ ಅದು.

ಸಂಗತಿ ಹೀಗಿತ್ತು. ಮಗಳು ಶ್ರೇಯಾ ಬಾರಾನಗರದಲ್ಲಿ ಓದುತ್ತಿದ್ದಳು. ಅಲ್ಲೇ ಪಕ್ಕದ ಬೀದಿಯಲ್ಲಿ ಬೊಂಬೆ ಮಾಡುವ ಕಾರ್ಖಾನೆಯೊಂದಿತ್ತು. ವಿಲಾಯತಿ ಅಳತೆಯ ಬೊಂಬೆಗೆ ನಮ್ಮ ಹೆಂಗಸರ ರವಿಕೆ ಕೂರುವುದಿಲ್ಲವೆಂದು, ಇಲ್ಲಿಯ ಹುಡುಗಿಯರನ್ನೇ ನಿಲ್ಲಿಸಿ, ಸುತ್ತಲೂ ಯಂತ್ರ ತಿರುಗಿಸಿ, ಮುಖ ಮೈಗಳ ಅಳತೆಯನ್ನು ಕೂದಲೆಳೆಯಷ್ಟೂ ತಪ್ಪದೆ ತೆಗೆದುಕೊಳ್ಳುವ ಪದ್ಧತಿ ಆಗಷ್ಟೇ ಬಂದಿತ್ತು. ಶ್ರೇಯಾ ತಮಾಷೆಗೆ ಹೋಗಿ ನಿಂತಳು. ಮೂರು ತಿಂಗಳಿಗೆ ಡೆಂಗಿ ಜ್ವರ ಬಂತು, ಆರನೆಯ ದಿನಕ್ಕೆ ತೀರಿಕೊಂಡಳು. ಇಪ್ಪತ್ತಮೂರು ವಯಸ್ಸು. ವರ್ಷಾಂತಿಕ ಕಳೆದು ತರಕಾರಿಗೆಂದು ಹೊರಟ ವೇದವತಿ ಗಡಿಯಾಹಾಟಿನ ಗಾಜಿನೊಳಗೆ ಮಗಳನ್ನು ಕಂಡಳು. ಗದ್ದದ ಕೆಳಗಿನ ಕಲೆ ಕೂಡ ಇತ್ತು. ಮೂರು ವರ್ಷದ ಮಗು ರುಬ್ಬುವ ಕಲ್ಲಿನ ಅಂಚಿಗೆ ಬಿದ್ದಾಗ ಆದ ಕಲೆ. ಯಂತ್ರ ಏನನ್ನೂ ಬಿಟ್ಟಿರಲಿಲ್ಲ.

"ಉಳಿಸಿಕೊಳ್ಳಬೇಕಾ ಅಕ್ಕಾ?" ಎಂದ ಉಮಾಪತಿ. "ಹೆಂಗಾರ ಮಾಡಿ ಒಂದನ್ನ ಲೆಕ್ಕದಿಂದ ತಪ್ಪಿಸಬಹುದು."

"ಇಟ್ಟುಕೊಂಡು ಎಂತ ಮಾಡುದು? ಒಂದು ಮಧ್ಯಾಹ್ನಕ್ಕೆ ಕೊಡಿ, ಸಾಕು. ಅವಳಿಗೊಂದು ಮದುವೆ ಮಾಡಬೇಕು."

ಉಮಾಪತಿ ವಿಷ್ಣುಮೂರ್ತಿಯ ಕಡೆ ನೋಡಿದ. ಅವನು ನಗಲಿಲ್ಲ.

ಬಯಲುಸೀಮೆಯ ಉಮಾಪತಿಗೆ ತಿಳಿಯದ ಕರಾವಳಿಯ ಕ್ರಮ ಅದು. ಮದುವೆಯಾಗದೆ ಸತ್ತ ಹೆಣ್ಣು ಹುಟ್ಟಿದ ಮನೆಯವಳೂ ಅಲ್ಲ, ಸೇರಿದ ಮನೆಯವಳೂ ಅಲ್ಲ. ನಿಲ್ಲಲು ಜಾಗವಿಲ್ಲದೆ ಬಾಗಿಲಲ್ಲೇ ಸುಳಿಯುತ್ತಾಳೆ. ಆದ್ದರಿಂದ ಹಾಗೆಯೇ ಸತ್ತ ಗಂಡನ್ನು ಹುಡುಕಿ, ಆಟಿ ತಿಂಗಳಲ್ಲಿ, ಬದುಕಿರುವವರ ಶುಭಕಾರ್ಯಗಳೆಲ್ಲ ನಿಂತಿರುವಾಗ, ಇಬ್ಬರ ಹೆಸರಿನಲ್ಲಿ ಬೊಂಬೆ ಮಾಡಿ ಧಾರೆಯೆರೆಯುತ್ತಾರೆ. ಅದಕ್ಕೆ ಪ್ರೇತ ಮದುವೆಯೆಂದು ಹೆಸರು. ಧಾರೆ ಮುಗಿದ ಗಳಿಗೆಯಿಂದ ಆಕೆಗೆ ಗಂಡನ ಮನೆಯೇ ಮನೆ.

"ಮಾಳಿಗೆಯಲ್ಲಿ ನಡೆದಾಡುತ್ತಾಳೆ," ಎಂದಳು ವೇದವತಿ. "ನೀವು ಮಲಗುವ ಕೋಣೆ ಅವಳದ್ದೇ. ಕನಸಿನಲ್ಲಿ ಬಂದು, 'ಅಮ್ಮ, ನಾನು ಎಲ್ಲಿಗೆ ಹೋಗುದು?' ಅಂತ ಕೇಳ್ತಾಳೆ. ಎರಡು ವರ್ಷ ಆಯ್ತು. ಹೆತ್ತವಳು ಏನಂತ ಹೇಳುದು?"

ವರ ಸಿಕ್ಕಿದ್ದ. ಡಮ್ ಡಮ್‌ನಲ್ಲಿ ನೆಲೆಸಿದ್ದ ಮೂಲ್ಕಿ ಕಡೆಯ ವಿಧವೆ ಇಂದಿರಮ್ಮನ ಒಬ್ಬನೇ ಮಗ ಶಶಾಂಕ. ಲೋಕಲ್ ರೈಲಿನ ಬಾಗಿಲಿನಿಂದ ಜಾರಿ ಸತ್ತು ಮೂರು ವರ್ಷ. ವಯಸ್ಸು ಸರಿಹೊಂದಿತ್ತು, ಬಳಿ, ಅಂದರೆ ಗೋತ್ರದಂಥ ಕುಲ, ಬೇರೆಯಾಗಿತ್ತು. ಒಂದೇ ಒಂದು ಅಡ್ಡಿ. ಇಂದಿರಮ್ಮ ಹುಲ್ಲಿನ ಬೊಂಬೆಗೆ ಮಗನ ಅಂಗಿ ತೊಡಿಸಿ ತರುವುದಾಗಿ ಹೇಳಿದ್ದಳು.

"ಇಷ್ಟೆತ್ತರದ ಹುಡುಗಿಯ ಪಕ್ಕದಲ್ಲಿ ಹುಲ್ಲಿನದ್ದಾ?" ಎಂದಳು ವೇದವತಿ. "ನಾಲ್ಕು ಜನ ನಗುದಿಲ್ವಾ?"

"ಯಾವ ನಾಲ್ಕು ಜನ ಮಾರಾಯ್ತಿ? ನೀನು, ನಾನು, ಇಂದಿರಮ್ಮ, ಇವರು. ನಾಲ್ಕೇ ಜನ," ಎಂದ ವಿಷ್ಣುಮೂರ್ತಿ.

"ಒಂದು ಗಂಡುಬೊಂಬೆ ನಾನು ತರ್ತೀನಿ ಬಿಡಿ," ಎಂದು ಉಮಾಪತಿ ಮಾತು ಕೊಟ್ಟುಬಿಟ್ಟ.

ಕೊಟ್ಟ ಮಾತು ಸುಲಭದ್ದಾಗಿರಲಿಲ್ಲ. ಗಂಡುಬೊಂಬೆಗಳ ತಲೆ ಪೇಟೆಯಲ್ಲಿ ಎಂದೋ ಮಾಯವಾಗಿತ್ತು. ಹಿಮಾದ್ರಿ ಬಾಬುವಿನ ಗೋದಾಮಿನಲ್ಲಿ ಹುಡುಕಿ ಹುಡುಕಿ, ಹರಿದ ರಟ್ಟಿನ ಹಿಂದೆ, ಗೋಡೆಗೆ ಮುಖ ಮಾಡಿ ನಿಂತ ಒಂದೇ ಒಂದು ತಲೆಯುಳ್ಳದ್ದು ದೊರಕಿತು. ಧೂಳು ಒರೆಸಿ ಈಚೆಗೆ ತಿರುಗಿಸಿದ ಉಮಾಪತಿ ಕೈಬಟ್ಟೆಯನ್ನು ಹಿಡಿದು ಹಾಗೇ ನಿಂತ.

ಅದು ಅವನ ಮುಖವೇ. ಇಪ್ಪತ್ತೆರಡರ ಪ್ರಾಯದಲ್ಲಿ ಬೆಂಗಳೂರಿನ ಒಂದು ಎರಕದ ಶೆಡ್ಡಿನಲ್ಲಿ ಕೆಲಸಕ್ಕಿದ್ದಾಗ, ಅಚ್ಚಿಗೆ ಮುಖ ಕೊಡುವವರು ಸಿಕ್ಕದೆ ಮಾಲೀಕ ಅವನನ್ನೇ ಮಲಗಿಸಿ, ಮೂಗಿಗೆ ಎರಡು ಕೊಳವೆ ಸಿಕ್ಕಿಸಿ, ಮುಖದ ಮೇಲೆ ಪ್ಲಾಸ್ಟರು ಸುರಿದಿದ್ದ. ಆ ಅಚ್ಚಿನಿಂದ ನೂರಾರು ಬೊಂಬೆ ಹೊರಬಿದ್ದು ದೇಶದ ಮೇಲೆ ಚದುರಿದವು. ಹಿಂದೆಲ್ಲ ಹುಬ್ಬಳ್ಳಿಯಲ್ಲಿ, ನಾಗಪುರದಲ್ಲಿ, ಗಾಜಿನೊಳಗಿನಿಂದ ತನ್ನ ಮುಖ ತನ್ನನ್ನೇ ನೋಡಿದ್ದನ್ನು ಕಂಡು ಅವನು ನಕ್ಕು ಮುಂದೆ ಸಾಗಿದ್ದುಂಟು. ಯಾರಿಗೂ ಹೇಳಿರಲಿಲ್ಲ. ಈಗ ಅವನ ಕೂದಲು ನೆರೆತು ಕೆನ್ನೆ ಇಳಿದಿತ್ತು. ಬೊಂಬೆ ಮಾತ್ರ ಹಾಗೆಯೇ ಇತ್ತು.

ಬೇರೆ ಬೊಂಬೆಯಿಲ್ಲ, ಧಾರೆಗೆ ಗೊತ್ತಾದ ಭಾನುವಾರ ನಾಳೆಯೇ. ಮುಖವೆಂಬುದು ಸರಕು, ಕೊಟ್ಟ ಮೇಲೆ ಅದು ತನ್ನದಲ್ಲ, ಎಂದುಕೊಂಡ. ಇಷ್ಟು ವರ್ಷ ಅದನ್ನೇ ನಂಬಿ ಬದುಕಿದವನಿಗೆ ಒಂದು ದಿನದ ಮಟ್ಟಿಗೆ ನಂಬುವುದು ಕಷ್ಟವಾಗಲಿಲ್ಲ. ಹೇಳದೆ ಉಳಿದದ್ದು ಅವನ ತಪ್ಪು. ವೇದವತಿಯನ್ನು ನಿರಾಸೆಗೊಳಿಸಲು ಮನಸ್ಸು ಬಾರದವನ ತಪ್ಪು ಎಂದರೂ ಸಲ್ಲುತ್ತದೆ.

ಭಾನುವಾರ ಊಟದ ಹೊತ್ತು ಕಳೆದ ಮೇಲೆ ಹೋಟೆಲಿನ ಶಟರ್ ಇಳಿಸಿದರು. ಹೊರಗೆ ಮಳೆ, ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಮೇಜುಗಳನ್ನು ಸರಿಸಿ, ಉಮಾಪತಿ ಅಂಗಡಿಯಿಂದ ಸಾಗಿಸಿ ತಂದ ಎರಡೂ ಬೊಂಬೆಗಳನ್ನು ಎದುರುಬದುರು ನಿಲ್ಲಿಸಲಾಯಿತು. ಅಂಗಡಿಯ ಬೊಂಬೆ ಕೂರುವುದಿಲ್ಲ, ಹಾಗಾಗಿ ನಿಂತೇ ಮದುವೆ. ವೇದವತಿ ಮಗಳಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಮಲ್ಲಿಗೆ ಮುಡಿಸಿದಳು. ಎಲ್ಲ ತಾಯಂದಿರಂತೆ ಸೆರಗನ್ನು ಎರಡು ಸಲ ಬಿಚ್ಚಿ ಮತ್ತೆ ಸರಿಮಾಡಿದಳು. ಇಂದಿರಮ್ಮ ತಂದಿದ್ದ ನೀಲಿ ಗೆರೆಯ ಅಂಗಿಯನ್ನು ಉಮಾಪತಿ ಗಂಡಿಗೆ ತೊಡಿಸಿದ. ಹೆಗಲಿಗೆ ಸರಿಯಾಯಿತು, ಸೊಂಟದಲ್ಲಿ ಸಡಿಲವಾಯಿತು.

"ನನ್ನ ಮಗನಿಗೆ ಇಷ್ಟು ಉದ್ದದ ಮೂಗು ಇರಲಿಲ್ಲ," ಎಂದಳು ಇಂದಿರಮ್ಮ.

"ಮೂಗು ನಮ್ಮ ಉಮಾಪತಿಯವರ ಹಾಗೆ ಉಂಟು," ಎಂದು ವಿಷ್ಣುಮೂರ್ತಿ ಬಹಳ ದಿನಗಳ ಮೇಲೆ ತಮಾಷೆ ಮಾಡಿದ. "ನೋಡಿ ಮಾರಾಯ್ರೆ, ನಿಮ್ಮ ತಮ್ಮ ಇದ್ದ ಹಾಗೆ!"

ಎಲ್ಲರೂ ನಕ್ಕರು. ಉಮಾಪತಿಯೂ ನಕ್ಕ.

ಕ್ರಮ ಬಲ್ಲವಳು ಇಂದಿರಮ್ಮ. ಆಕೆಯೇ ಕರಿಮಣಿ ಕಟ್ಟಿಸಿದಳು, ಎರಡೂ ತಲೆಗಳ ಮೇಲೆ ಅರಿಸಿನದ ಅಕ್ಷತೆ ಹಾಕಿಸಿದಳು. ಕೊನೆಗೆ ಧಾರೆ. ಹುಡುಗಿಯ ಕೈಯನ್ನು ಹುಡುಗನ ಅಂಗೈಯ ಮೇಲೆ ಇರಿಸುವಷ್ಟರಲ್ಲಿ ಹುಡುಗನ ಕೈ ಕಳಚಿ ತೋಳಿನಿಂದ ಜೋತಾಡಿತು. ಬೊಂಬೆಯ ಮಣಿಕಟ್ಟಿನೊಳಗೆ ಒಂದು ಕಬ್ಬಿಣದ ಗೂಟವಿರುತ್ತದೆ. ಇಪ್ಪತ್ತಾರು ವರ್ಷದಲ್ಲಿ ಅದು ಸವೆದಿತ್ತು.

"ಹಿಡಿಯಿರಿ, ಹಿಡಿಯಿರಿ, ಕೈ ಬೀಳಬಾರದು!" ಎಂದು ಇಂದಿರಮ್ಮ ಕೂಗಿದಳು.

ಉಮಾಪತಿ ಬೊಂಬೆಯ ಬೆನ್ನಿಗೆ ಬಂದು ನಿಂತು, ಆ ಫೈಬರಿನ ಕೈಗೆ ತನ್ನ ಬಲಗೈಯನ್ನು ಅಡಿಯಿಂದ ಕೊಟ್ಟ. ವೇದವತಿ ಗಂಡನ ಜೊತೆ ಗಿಂಡಿ ಬಗ್ಗಿಸಿದಳು. ನೀರು ಮಗಳ ಬೆರಳುಗಳ ಮೇಲೆ ಬಿದ್ದು, ಅಲ್ಲಿಂದ ಹುಡುಗನ ಬೆರಳ ಸಂದಿಗಳಲ್ಲಿ ಇಳಿದು, ಉಮಾಪತಿಯ ಅಂಗೈಯಲ್ಲಿ ನಿಂತಿತು. ಮಂಜುಗಡ್ಡೆಯಂಥ ನೀರು. ಆ ಗಳಿಗೆಯಲ್ಲಿ ಮಾಳಿಗೆಯ ಮೇಲೆ ಯಾರೋ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಎದ್ದರು. ಹೆಜ್ಜೆಗಳು ಮೆಟ್ಟಿಲಿನವರೆಗೆ ಬಂದವು. ಆಮೇಲೆ ಕೇಳಿಸಲಿಲ್ಲ.

ವೇದವತಿ ಕಣ್ಣು ಮುಚ್ಚಿ, "ಹೊರಟಳು," ಎಂದಳು. ಎರಡು ವರ್ಷದಿಂದ ಹಿಡಿದಿಟ್ಟಿದ್ದ ಉಸಿರು ಆ ಒಂದು ಮಾತಿನಲ್ಲಿ ಹೊರಬಂತು. "ಇನ್ನು ಇದು ಬರೀ ಫೈಬರ್. ನಾಳೆ ಕೊಯ್ಯಿರಿ."

ಸೋಮವಾರ ಗೋದಾಮಿನಲ್ಲಿ ಉಮಾಪತಿ ಗರಗಸ ಹಿಡಿದ. ಇಪ್ಪತ್ತೊಂದು ತಲೆಗಳು ಸರಾಗವಾಗಿ ಇಳಿದವು. ಇಪ್ಪತ್ತೆರಡನೆಯದು ಶ್ರೇಯಾಳ ಮುಖದ್ದು; ಅದೂ ಬರಿಯ ಟೊಳ್ಳು, ಒಳಗೆ ಬಿಳಿಯ ಹುಡಿ. ಲೆಕ್ಕದ ಹೊರಗಿನ ಇಪ್ಪತ್ತಮೂರನೆಯದಕ್ಕೆ, ಆ ಗಂಡುಬೊಂಬೆಗೆ, ಅಲಗು ಇಟ್ಟಾಗ ತನ್ನ ಕತ್ತಿನ ಹಿಂದೆ ಇರುವೆ ಹರಿದಂತಾಯಿತು. ಕೊಯ್ದು ಮುಗಿಸಿ ತಲೆಯನ್ನು ಬೋರಲು ಹಾಕಿದ. ಸುತ್ತ ಎಲ್ಲಿಯೂ ಬಿರುಕಿಲ್ಲದ ಆ ತಲೆಯೊಳಗಿನಿಂದ ಒಂದು ಹಿಡಿ ಅಕ್ಷತೆ ನೆಲಕ್ಕೆ ಸುರಿಯಿತು. ಅಕ್ಕಿ ಇನ್ನೂ ಒದ್ದೆಯಾಗಿತ್ತು.

ಅವನು ಹೊರಗೆ ಬಂದು ಚಹಾ ಹೇಳಿದ. ಚಹಾದವನು ಎರಡು ಮಣ್ಣಿನ ಕುಡಿಕೆ ತುಂಬಿ ಮುಂದಿಟ್ಟ.

"ಒಬ್ಬನೇ ಭಾಯ್," ಎಂದ ಉಮಾಪತಿ.

ಚಹಾದವನು ಉಮಾಪತಿಯ ಎಡಭುಜದಾಚೆ ನೋಡಿದ, ಕಣ್ಣುಜ್ಜಿಕೊಂಡ, ಎರಡನೆಯ ಕುಡಿಕೆಯನ್ನು ತಾನೇ ಕುಡಿದ.

ಮಂಗಳವಾರ ಅಂಗಿಯನ್ನು ಹಿಂದಿರುಗಿಸಲೆಂದು ಕಾಳಿಘಾಟಿನಲ್ಲಿ ಮೆಟ್ರೋ ಹತ್ತಿದ. ಕಾಲಿಡಲು ಜಾಗವಿರಲಿಲ್ಲ; ಇಬ್ಬರು ಎದ್ದು ಇಳಿದಾಗ ಅವನು ಕುಳಿತ, ಪಕ್ಕದ ಸೀಟು ಮಾತ್ರ ಖಾಲಿ ಉಳಿಯಿತು. ಬಂದವರೆಲ್ಲ ಅದರ ಮುಂದೆ ನಿಂತು, ಏನೋ ಕಂಡವರಂತೆ ಮೈ ಹಿಡಿಮಾಡಿಕೊಂಡು, ಸರಿದುಹೋದರು. ಒಬ್ಬ ಮುದುಕ ಕೂರಲು ಬಗ್ಗಿದವನು ತಟಕ್ಕನೆ ನೆಟ್ಟಗಾಗಿ, "ಮಾಫ್ ಕೊರ್ಬೇನ್ ಮಾ," ಎಂದು ಕ್ಷಮೆ ಕೇಳಿ ಖಾಲಿ ಸೀಟಿಗೆ ಕೈಮುಗಿದ. ಡಮ್ ಡಮ್ ಬರುವವರೆಗೂ ಉಮಾಪತಿ ಎಡಕ್ಕೆ ತಿರುಗಲಿಲ್ಲ. ಮಲ್ಲಿಗೆಯ ವಾಸನೆ ಮಾತ್ರ ಬರುತ್ತಿತ್ತು, ಎರಡು ದಿನದ ಬಾಡಿದ ಮಲ್ಲಿಗೆಯದು.

ಇಂದಿರಮ್ಮ ಬಾಗಿಲು ತೆಗೆದಳು. ನಿದ್ದೆಯಿಲ್ಲದ ಕಣ್ಣು.

"ನನ್ನ ಮಗ ಇನ್ನೂ ಇಲ್ಲೇ ಹೊಸ್ತಿಲಲ್ಲಿ ನಿಂತಿದ್ದಾನೆ," ಎಂದಳು ಅಂಗಿಯನ್ನು ಎದೆಗೊತ್ತಿಕೊಂಡು. "'ಅಮ್ಮ, ಹುಡುಗಿ ಬರಲಿಲ್ಲ' ಅಂತಾನೆ. ಅಲ್ಲಿಂದ ಹೊರಟಳು ಅಂದ್ರಲ್ಲ ವೇದವತಿ, ಹಾಗಾದ್ರೆ ಹೋದದ್ದು ಎಲ್ಲಿಗೆ?" ಆಮೇಲೆ ಅವನ ಹಿಂದೆ ನೋಡಿ ಉಪಚಾರದ ದನಿಯಲ್ಲಿ, "ಅದೆಂತ, ಹೆಂಡತಿಯನ್ನು ಹೊರಗೆ ನಿಲ್ಲಿಸಿದ್ದೀರಿ? ಒಳಗೆ ಬರ್ಲಿಕ್ಕೆ ಹೇಳಿ," ಎಂದಳು.

ಇಂದಿರಮ್ಮ ಮತ್ತೆ ನೋಡಿದಳು. ಹಸಿರು ಸೀರೆಯನ್ನೋ ಗದ್ದದ ಕಲೆಯನ್ನೋ ಕಂಡಿರಬೇಕು. ಅಂಗಿ ಕೈಯಿಂದ ಜಾರಿತು. ಆಕೆ ಅದನ್ನು ಎತ್ತಿಕೊಳ್ಳದೆ ಬಾಗಿಲನ್ನು ಮೆಲ್ಲಗೆ ಹಾಕಿಕೊಂಡಳು.

ಅವನು ಲೇಕ್ ಮಾರ್ಕೆಟಿಗೆ ಮರಳುವ ಹೊತ್ತಿಗೆ ಇಂದಿರಮ್ಮನ ಫೋನು ಅವನಿಗಿಂತ ಮೊದಲೇ ಬಂದು ಮುಟ್ಟಿತ್ತು. ವೇದವತಿ ಅಡುಗೆಮನೆಯ ಮಣೆಯ ಮೇಲೆ ಕುಳಿತಿದ್ದಳು, ವಿಷ್ಣುಮೂರ್ತಿ ಬಾಗಿಲಿಗೆ ಒರಗಿ ನಿಂತಿದ್ದ.

"ಆ ಗಂಡುಬೊಂಬೆಯದ್ದು ಯಾರ ಮುಖ?" ಎಂದಳು.

ಉಮಾಪತಿ ಹೇಳಿದ. ಪ್ಲಾಸ್ಟರು, ಎರಡು ಕೊಳವೆ, ಇಪ್ಪತ್ತೆರಡರ ಪ್ರಾಯ, ಗೋಡೆಗೆ ತಿರುಗಿ ನಿಂತ ಬೊಂಬೆ, ಸವೆದ ಗೂಟ, ಅಂಗೈಯಲ್ಲಿ ನಿಂತ ನೀರು. "ನಿಮ್ಮ ಕ್ರಮ ನನಗೆ ಗೊತ್ತಿರಲಿಲ್ಲ ಅಕ್ಕಾ. ಮುಖ ಸರಕು ಅಂದ್ಕೊಂಡಿದ್ದೆ. ಬಿಡಿಸೋ ದಾರಿ ಇದ್ರೆ ಹೇಳ್ರೀ, ಏನಾದ್ರೂ ಮಾಡ್ತೀನಿ."

"ಕಟ್ಟುವ ಕ್ರಮ ಉಂಟು," ಎಂದಳು ವೇದವತಿ. "ಬಿಡಿಸುವ ಕ್ರಮ ಇಲ್ಲ."

ಒಲೆಯ ಮೇಲೆ ಸಾಂಬಾರು ಕುದಿಯುತ್ತಿತ್ತು. ಬೈಗುಳ ಬರಲಿ, ಸೌಟು ಬೀಸಲಿ ಎಂದು ಉಮಾಪತಿ ಕಾದ. ಆಕೆ ಎದ್ದು ಒಲೆ ಆರಿಸಿ ಸೆರಗು ಸರಿಪಡಿಸಿಕೊಂಡಳು. ಮತ್ತೆ ಅವನ ಎದುರಿಗೆ ಬಂದಾಗ, ಅಳಿಯನ ಮುಂದೆ ನಿಂತ ಅತ್ತೆಯಂತೆ, ಹೆಸರು ಹಿಡಿದು ಕರೆಯಲಿಲ್ಲ, ಮುಖವೆತ್ತಿ ನೋಡಲೂ ಇಲ್ಲ.

"ನಿಮಗೆ ಮನೆ ಎಲ್ಲಿ?"

"ಇಲ್ಲ."

"ಅಮ್ಮ, ಅಕ್ಕ, ತಂಗಿ?"

"ಯಾರೂ ಇಲ್ರೀ."

"ಮುಂದೆ ಎಲ್ಲಿಗೆ?"

"ಸಿಲಿಗುರಿ. ಆಮೇಲೆ ಗುವಾಹಟಿ. ಸಂಜೆ ಬಸ್ಸಿಗೆ ಸೀಟು ಹೇಳೀನಿ."

"ಬಸ್ಸು ಬೇಡ," ಎಂದಳು ವೇದವತಿ ಅವಸರದಿಂದ. "ಅವಳಿಗೆ ಬಸ್ಸು ಆಗುದಿಲ್ಲ. ಚಿಕ್ಕಂದಿನಿಂದ ವಾಂತಿ. ರೈಲಾದರೆ ಅಡ್ಡಿಯಿಲ್ಲ, ಕಿಟಕಿ ಬದಿ ಕೊಡಿ." ಸೆರಗಿಗೆ ಕೈಯೊರೆಸಿಕೊಂಡು ಮುಂದುವರಿಸಿದಳು. "ಇಂದಿರಮ್ಮನಿಗೆ ನಾನು ಹೇಳ್ತೇನೆ. ಅವರ ಮಗನಿಗೆ ಬರುವ ಆಟಿಯಲ್ಲಿ ಬೇರೆ ಹುಡುಗಿ ನೋಡುವ. ಮನೆ ಇಲ್ಲದಿದ್ದರೆ ಇಲ್ಲ, ಜೊತೆ ಒಬ್ಬರಿದ್ದಾರಲ್ಲ. ಇಲ್ಲಿ ಬಾಗಿಲಲ್ಲಿ ನಿಂತೇ ಇರುದಕ್ಕಿಂತ... ಎಂತ ಹೇಳ್ತೀರಿ ನೀವು?"

ಕೊನೆಯ ಮಾತು ಗಂಡನಿಗೆ. ವಿಷ್ಣುಮೂರ್ತಿ ಈ ಸಲ ಫೈಬರ್ ಎನ್ನಲಿಲ್ಲ. "ರಾತ್ರಿ ರೈಲಿನಲ್ಲಿ ಚಳಿ ಆಗ್ತದೆ. ಅವಳ ಶಾಲು ಕೊಟ್ಟುಬಿಡು," ಎಂದ.

ಉಮಾಪತಿ ಮಾಳಿಗೆಗೆ ಹೋಗಿ ಪೆಟ್ಟಿಗೆ ತೆರೆದ. ಎಷ್ಟೋ ಊರುಗಳಲ್ಲಿ ಎಷ್ಟೋ ಸಲ ಮಾಡಿದ ಕೆಲಸ. ಕಣ್ಣು ಮುಚ್ಚಿ ಮಾಡಬಲ್ಲ. ಅರ, ಅಂಟು, ಬಣ್ಣದ ಡಬ್ಬಿ, ಎರಡು ಅಂಗಿ. ಗರಗಸವನ್ನು ಎತ್ತಿ ನೋಡಿ, ಇಡಲೋ ಬೇಡವೋ ಎಂದು ತಡೆದು, ಕಿಟಕಿಯ ಕೆಳಗೆ ಬಿಟ್ಟ. ಆ ಜಾಗದಲ್ಲಿ ಶಾಲನ್ನು ಮಡಿಸಿಟ್ಟ. ಅಷ್ಟರಲ್ಲಿ ವೇದವತಿ ಮೇಲೆ ಬಂದು, ಅವನ ಪಕ್ಕದ ಬರಿಯ ಗಾಳಿಗೆ ಕುಂಕುಮ ಇಡುವಂತೆ ಬೆರಳು ಚಾಚಿದಳು. ಆಮೇಲೆ ಪೆಟ್ಟಿಗೆಯೊಳಗೆ ಮಡಿಲಕ್ಕಿ, ತೆಂಗಿನಕಾಯಿ, ಹಸಿರು ಬಳೆಯ ಒಂದು ಜೊತೆ ಇಟ್ಟಳು. ಬಾಳೆಲೆಯಲ್ಲಿ ಕಟ್ಟಿದ ಬುತ್ತಿ ಎರಡಿತ್ತು.

"ಚಿಕ್ಕದು ಅವಳಿಗೆ. ಖಾರ ಹಾಕಲಿಲ್ಲ," ಎಂದಳು.

ಮಳೆ ಹನಿಯುತ್ತಿತ್ತು. ಕೆಳಗೆ ಸಂಜೆಯ ಗಿರಾಕಿಗಳು ಬರತೊಡಗಿದ್ದರು, ಯಾರೋ ಮಸಾಲೆ ದೋಸೆಗೆ ಕೂಗುತ್ತಿದ್ದರು. ಉಮಾಪತಿ ಪೆಟ್ಟಿಗೆಯನ್ನು ಬಲಗೈಯಲ್ಲಿ ಹಿಡಿದು ಮೆಟ್ಟಿಲಿಳಿದ. ಬಸ್ಸಿನ ಸೀಟು ಬೇಡವೆಂದು ಫೋನಿನಲ್ಲಿ ಹೇಳಿ ಮುಗಿಸಿದ್ದ. ಸಿಯಾಲ್ದಾದ ರೈಲಿಗೆ ಇನ್ನೂ ಹೊತ್ತಿತ್ತು. ಬೀದಿಗೆ ಕಾಲಿಟ್ಟವನು ಎಂದಿನಂತೆ ಬಾಗಿಲನ್ನು ಹಿಂದಿನಿಂದ ಎಳೆದುಕೊಳ್ಳಲಿಲ್ಲ. ಎಡಗೈಯಿಂದ ಅದನ್ನು ಸ್ವಲ್ಪ ಹೊತ್ತು ತೆರೆದೇ ಹಿಡಿದು ನಿಂತ. ಆಮೇಲೆ ಇಬ್ಬರು ನಡೆಯುವಷ್ಟು ಜಾಗ ಬಿಟ್ಟುಕೊಂಡು, ಗೋಡೆಯ ಬದಿಯಲ್ಲಿ, ನಿಧಾನವಾಗಿ ನಡೆದುಹೋದ.